ಅಪ್ಪನ ಜ್ವರ

ಲಿಫ್ಟ್ ಮೆಕ್ಯಾನಿಕ್‌ನ ಜ್ವರಕ್ಕೆ ಹೆಸರಿರಲಿಲ್ಲ.

ಬರುತ್ತಿತ್ತು, ಎರಡು ಮೂರು ದಿನ ಮೈ ಸುಟ್ಟು ತಾನಾಗಿ ಹೋಗುತ್ತಿತ್ತು. ಜೊತೆಗೆ ಹೊಟ್ಟೆನೋವು. ಒಮ್ಮೊಮ್ಮೆ ಉಸಿರೆಳೆದರೆ ಎದೆಯಲ್ಲಿ ಚೂರಿ ಆಡಿಸಿದ ಹಾಗೆ. ರಕ್ತ ಪರೀಕ್ಷೆಯ ಮಾತು ಬರುವ ಹೊತ್ತಿಗೆ ಆಸಾಮಿ ಗುಂಡುಕಲ್ಲಿನಂತೆ ಕೆಲಸಕ್ಕೆ ಹಾಜರಾಗಿರುತ್ತಿದ್ದ.

ನಾಲ್ಕನೇ ಮಹಡಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ಬರುತ್ತೇನೆಂದು ಹೇಳಿ ಬರುವುದಿಲ್ಲ ಎನ್ನುವುದಷ್ಟೇ ಗೊತ್ತಿತ್ತು.

ಅವನನ್ನು ಮೊದಲು ನೋಡಿದ್ದು ಎರಡು ಮಹಡಿಗಳ ನಡುವೆ. ಲಿಫ್ಟ್ ನಿಂತುಹೋಗಿತ್ತು. ಮೇಲಿನ ಸಂದಿಯಲ್ಲಿ ಮೊದಲು ಟಾರ್ಚ್, ಆಮೇಲೆ ಗ್ರೀಸ್ ಮೆತ್ತಿದ ಕೆನ್ನೆ ಕಾಣಿಸಿತು.

"ಹೆದರ್ಕೋಬೇಡಿ ಮೇಡಂ, ಬೀಳಲ್ಲ."

"ಯಾರು ಹೆದರಿದ್ದು? ಬಾಗಿಲು ತೆಗೀರಿ."

"ಮತ್ತೆ ಕಣ್ಣು ಯಾಕೆ ಮುಚ್ಕೊಂಡಿದ್ದೀರಿ?"

"ನಿಮ್ಮ ಮುಖ ನೋಡೋಕಾಗ್ದೆ."

ಅವನು ನಕ್ಕ. ಅವಳು ಒಂದು ಕಣ್ಣು ಮಾತ್ರ ತೆರೆದಳು. ಆಮೇಲೆ ಆ ಲಿಫ್ಟ್ ಚೆನ್ನಾಗಿದ್ದಾಗಲೂ ಅವನಿಗೆ ನಾಲ್ಕನೇ ಮಹಡಿಯಲ್ಲಿ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ಅಂಗಡಿಯ ಗಾಜಿನಾಚೆ ಸ್ಪ್ಯಾನರ್ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಅವಳು ತಲೆಯೆತ್ತದೆ ಲೆನ್ಸ್ ಉಜ್ಜುತ್ತಿದ್ದಳು. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಾಳೆಂದು ಅವನಿಗೂ ಗೊತ್ತಿತ್ತು.

ಕೆಲಸ ಮುಗಿದ ಮೇಲೆ ಸಿಗುತ್ತೇನೆಂದು ಹೇಳಿ ಮೂರನೇ ಸಲ ಅವನು ಕೈಕೊಟ್ಟಾಗ, ಇವನಿಗೆ ಬೇರೆ ಯಾರೋ ಇದ್ದಾಳೆ ಎಂದು ಅವಳು ತೀರ್ಮಾನಿಸಿದಳು. ಜಗಳಕ್ಕೆ ಸಿದ್ಧಳಾಗಿಯೇ ಛಾವಣಿಯ ಮೇಲಿನ ಮೋಟಾರ್ ಕೋಣೆಗೆ ಹತ್ತಿದಳು. ಅವನು ನೆಲದ ಮೇಲೆ ಮಂಡಿ ಮಡಚಿ ಬಿದ್ದಿದ್ದ. ಹಣೆ ಮುಟ್ಟಿದವಳು ಕೈ ಹಿಂದಕ್ಕೆಳೆದುಕೊಂಡಳು.

"ಇವಳೇನಾ ನಿಮ್ಮ ಇನ್ನೊಬ್ಬಳು?"

"ಹೂಂ. ಬಿಟ್ಟು ಹೋಗ್ತಿಲ್ಲ ನೋಡಿ." ಹಲ್ಲು ಕಟಕಟ ಎನ್ನುತ್ತಿತ್ತು. "ಅಪ್ಪನಿಗೂ ಹಿಂಗೇ ಬರ್ತಿತ್ತು. ಕೊನೆಗೆ ಮೈಯೆಲ್ಲ ಊದಿ, ಕಿಡ್ನಿ ಹೋಗಿ ಸತ್ತ. ಯಾರಿಗೂ ಹೇಳ್ಬೇಡಿ. ತಂಗಿ ಮದುವೆ ಆಗ್ಬೇಕು. ಕೆಟ್ಟ ರಕ್ತ ಅಂತ ಗೊತ್ತಾದ್ರೆ ಯಾರು ಬರ್ತಾರೆ?"

ಅವಳು ಹೇಳುವುದಿಲ್ಲವೆಂದು ಮಾತು ಕೊಟ್ಟಳು. ಅಂದಿನಿಂದ ಹೆದರಿಕೆ ಅವಳ ಪಾಲಿಗೂ ಬಂತು. ಫೋನ್ ರಿಂಗಾದರೆ ಕೈಯಲ್ಲಿದ್ದ ಲೆನ್ಸ್ ಕೆಳಗಿಟ್ಟು ಓಡುತ್ತಿದ್ದಳು. ಅವನು ನಗುತ್ತಿದ್ದರೂ ಅವಳ ಕಣ್ಣು ಅವನ ಕಣಕಾಲಿಗೆ ಹೋಗುತ್ತಿತ್ತು, ಊದಿದೆಯೇ ಎಂದು.

"ಎಲ್ರೂ ಮುಖ ನೋಡ್ತಾರೆ, ನೀವು ಕಾಲು ನೋಡ್ತೀರಿ," ಎಂದು ಅವನು ಛೇಡಿಸಿದ.

"ಮುಖದಲ್ಲಿ ನೋಡೋಕೆ ಏನಿದೆ?" ಎಂದಳು. ಅಂದು ಕಾಲು ಊದಿರಲಿಲ್ಲ.

ಮುಂದಿನ ಸಲ ನೋವು ತಡೆಯಲಾಗದಷ್ಟು ಬಂತು. ಜೊತೆಗಾರರು ಅವನನ್ನು ಆಸ್ಪತ್ರೆಗೆ ಹೊತ್ತು ತಂದರು. ಅವಳು ಏಪ್ರನ್ ಬಿಚ್ಚದೆ ಓಡಿ ಬಂದಳು. ಮಂಚದ ಒಂದು ಪಕ್ಕದಲ್ಲಿ ಅವನ ಅಮ್ಮ, ತಂಗಿ. ಇನ್ನೊಂದು ಪಕ್ಕದಲ್ಲಿ ಡಾಕ್ಟರಮ್ಮ ಅವನ ಹೊಟ್ಟೆ ಒತ್ತಿ ನೋಡುತ್ತಿದ್ದರು. ಹೊಟ್ಟೆ ಹಲಗೆಯಾಗಿತ್ತು.

"ಅಪೆಂಡಿಕ್ಸ್ ಆಗ್ಲೇ ತೆಗ್ಸಿದ್ದಾರೆ. ಆ ಗಾಯದ ಹತ್ರ ಕರುಳು ಸಿಕ್ಕೊಂಡಿರ್ಬಹುದು. ತೆರೆದು ನೋಡ್ಬೇಕಾಗುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಈ ಥರ ಜ್ವರ, ನೋವು ಇತ್ತಾ?"

"ಇಲ್ಲ," ಎಂದರು ಅಮ್ಮ.

"ಇಲ್ಲ," ಎಂದ ಅವನೂ, ಹಲ್ಲು ಕಚ್ಚಿ. ಮನೆಯಲ್ಲಿ ಚಿಕ್ಕಂದಿನಿಂದ ಕಲಿಸಿದ ಉತ್ತರ ಅದು.

ಡಾಕ್ಟರಮ್ಮ ಆಪರೇಷನ್‌ಗೆ ತಯಾರಿ ಮಾಡಲು ನರ್ಸ್‌ಗೆ ಹೇಳಿದರು. ಗಾಜು ಉಜ್ಜುವವಳು ಮಂಚದ ಹತ್ತಿರ ಬಂದಳು. ಹೇಳಿದರೆ ಇವನು ಮತ್ತೆ ತನ್ನ ಮುಖ ನೋಡಲಿಕ್ಕಿಲ್ಲ. ಹೇಳದಿದ್ದರೆ ನೋಡಲು ಇವನೇ ಉಳಿಯಲಿಕ್ಕಿಲ್ಲ.

"ಇತ್ತು ಡಾಕ್ಟ್ರೇ. ಇವರ ಅಪ್ಪನಿಗಿತ್ತು. ಕಿಡ್ನಿ ಹೋಗಿ ತೀರ್ಕೊಂಡ್ರು. ಇವರಿಗೆ ಪದೇ ಪದೇ ಬರುತ್ತೆ, ಎರಡು ಮೂರು ದಿನಕ್ಕೆ ತಾನೇ ಹೋಗುತ್ತೆ."

ಅಮ್ಮ ತಿರುಗಿದರು. "ನೀನ್ಯಾರಮ್ಮ, ನಮ್ಮನೆ ವಿಷಯ ಮಾತಾಡೋಕೆ?"

"ಇವರನ್ನ ಮದುವೆ ಆಗೋಳು."

ಮಂಚದಿಂದ ಸಣ್ಣ ದನಿ ಬಂತು. "ನಂಗೇ ಹೇಳಿಲ್ವಲ್ಲ?"

"ಈಗ ಹೇಳ್ದೆ. ಸುಮ್ನಿರಿ."

ನಗಲು ಹೋಗಿ ಅವನು ನೋವಿಗೆ ಮುಲುಗಿದ. ಯಾರೂ ನಗಲಿಲ್ಲ. ಅಷ್ಟರಲ್ಲಿ ಅವನ ತಂಗಿ, ಅಮ್ಮನ ಕಡೆ ನೋಡದೆ ಹೇಳಿದಳು: "ನಂಗೂ ಬರುತ್ತೆ, ಡಾಕ್ಟ್ರೇ."

ಅಮ್ಮ ಗೋಡೆ ಹಿಡಿದು ಕುಳಿತರು. ಇಷ್ಟು ವರ್ಷ ಕಟ್ಟಿದ್ದೆಲ್ಲ ಒಂದೇ ಮಾತಿಗೆ ಕುಸಿದಿತ್ತು.

ಡಾಕ್ಟರಮ್ಮ ಆಪರೇಷನ್ ತಡೆದು ಸ್ಕ್ಯಾನ್ ಮಾಡಿಸಿದರು. ಕರುಳು ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ವಂಶದಲ್ಲಿ ಬರುವ ಜ್ವರವಿರಬಹುದೆಂದು ಅಣ್ಣ ತಂಗಿಯ ಜೀನ್ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ಮೇಲೆ ಎಲ್ಲರನ್ನೂ ಕೂರಿಸಿ ವಿವರಿಸಿದರು. "ಇದು ಕೆಟ್ಟ ರಕ್ತ ಅಲ್ಲ, ಯಾರಿಗೂ ಅಂಟಲ್ಲ. ರೋಗಾಣು ಅನ್ನೋ ಕಳ್ಳ ಬರದಿದ್ರೂ ಮೈಯೊಳಗಿನ ಕಾವಲುಗಾರ ಎದ್ದು ಮನೆಯವರನ್ನೇ ಬಡೀತಾನೆ, ಅಷ್ಟೇ. ಬಡಿದು ಬಡಿದು ಒಂದು ಥರದ ಕಸ ಕಿಡ್ನೀಲಿ ಕೂರುತ್ತೆ. ಅದಕ್ಕೆ ಕಾಲ್ಚಿಸಿನ್ ಅಂತ ಹಳೇ ಮಾತ್ರೆ ಇದೆ. ಜ್ವರ ಬಂದಾಗ ಮಾತ್ರ ಅಲ್ಲ, ದಿನಾ ತಗೋಬೇಕು, ಜೀವನಪೂರ್ತಿ. ಸಾಲದಿದ್ರೆ ಇಂಜೆಕ್ಷನ್‌ಗಳಿವೆ. ಈಗ ಅಣ್ಣ ತಂಗಿ ಇಬ್ಬರ ಕಿಡ್ನಿನೂ ನೋಡೋಣ."

ಕಿಡ್ನಿಯ ರಿಪೋರ್ಟ್ ಬರುವ ದಿನ ಅವನೂ ಗಾಜು ಉಜ್ಜುವವಳೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದರು. ಅವನ ಕೈ ತಣ್ಣಗಿತ್ತು.

"ಮಾತು ತಪ್ಪಿದ್ರಿ," ಎಂದ.

"ಹೂಂ."

"ಅಮ್ಮ ನಂಜೊತೆ ಮಾತಾಡ್ತಿಲ್ಲ."

"ನೀವು ಮಾತಾಡ್ತಿದ್ದೀರಲ್ಲ, ಅದು ಸಾಕು."

"ಮಕ್ಕಳಿಗೂ ಬರ್ಬಹುದಂತೆ. ಇನ್ನೂ ಟೈಮಿದೆ. ಹೋಗ್ಬಿಡು." ಮೊದಲ ಬಾರಿಗೆ ಏಕವಚನ ಬಂದಿತ್ತು, ಅದೂ ಹೋಗು ಎನ್ನಲು.

"ಬಂದ್ರೆ ಮಾತ್ರೆ ಕೊಡೋಣ. ಮುಚ್ಚಿಡಲ್ಲ."

"ನಂಗೆ ಭಯ ಆಗ್ತಿದೆ ಕಣೇ."

"ನಂಗೂ."

ಅವಳು ಅವನ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಬಿಸಿಯಾಗಲಿಲ್ಲ, ಅವಳ ಕೈಯೂ ತಣ್ಣಗೇ ಇತ್ತು. ನರ್ಸ್ ಕರೆದಾಗ ಹಾಗೇ ಕೈ ಬಿಡದೆ ಒಳಗೆ ಹೋದರು.

ತಂಗಿಯ ಕಿಡ್ನಿಗಳಿಗೆ ಏನೂ ಆಗಿರಲಿಲ್ಲ. ಅವನ ಕಿಡ್ನಿಗಳು ಮಾಡಬೇಕಾದ ಕೆಲಸದಲ್ಲಿ ನೂರಕ್ಕೆ ನಲವತ್ತು ಪಾಲು ಆಗಲೇ ನಿಂತುಹೋಗಿತ್ತು; ಉಳಿದ ಅರವತ್ತನ್ನು ಇನ್ನು ದಿನದ ಮಾತ್ರೆ ಕಾಯಬೇಕಿತ್ತು.