ಪುಕಪುಕಕ್ಕೆ ಹೊರಟವಳು

"ಪುಕಪುಕ?" ಬದರಿ ಜೋರಾಗಿ ನಕ್ಕುಬಿಟ್ಟ. "ಅದೆಂಥಾ ಹೆಸರ್ರಿ!"

ನಿರುಪಮಾಳ ಮುಖ ಸಣ್ಣದಾಯಿತು. ಭೂಗೋಳದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಅವಳು ಪೆಸಿಫಿಕ್ ಸಾಗರದ ಆ ಪುಟ್ಟ ದ್ವೀಪದಲ್ಲಿ ಕೆಲವು ತಿಂಗಳು ಇದ್ದು, ೧೯೭೩ರ ಬೇಸಿಗೆಗೆ ಫೋರ್ಟ್ ಲೀಯ ಚಿಕ್ಕಮ್ಮನ ಮನೆಗೆ ಮರಳಿದ್ದಳು. ಊಟಕ್ಕೆ ಬಂದಿದ್ದ ಈ ಧಾರವಾಡದ ಇಂಜಿನಿಯರನನ್ನು ಚಿಕ್ಕಮ್ಮ ಏಕೆ ಕರೆಸಿದ್ದಾರೆಂದು ಅವಳಿಗೆ ಗೊತ್ತಿತ್ತು.

"ಅಲ್ಲಿ ನನ್ನನ್ನ ಮಗಳ ಹಾಗೆ ನೋಡ್ಕೊಂಡವರಿದ್ದಾರೆ. ನಗಬೇಡಿ."

ಬದರಿಯ ಕಿವಿ ಕೆಂಪಾಯಿತು. "ತಪ್ಪಾತ್ರಿ. ಹೇಳ್ರಿ, ಅವರು ಏನು ಉಣ್ತಾರ?"

ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದ. ಅವಳು ಹೇಳಿದಳು. ಸುತ್ತ ಹವಳದ ದಂಡೆ, ಒಳಗೆ ಮೂರು ತುಂಡು ನೆಲ. ಊರಿರುವುದು ಒಂದರಲ್ಲಿ. ಉಳಿದ ಎರಡರ ತೆಂಗನ್ನು ಎಲ್ಲರೂ ಸೇರಿ ಕಾವಲು ಕಾಯ್ದು, ಹಂಚಿಕೊಳ್ಳುತ್ತಾರೆ, ಹಸುಗೂಸಿಗೂ ಪಾಲಿದೆ. ನೆಲ ತೋಡಿ ಕೆಸು ಬೆಳೆಯುತ್ತಾರೆ.

"ಪತ್ರೊಡೆ ಮಾಡ್ತಾರೇನು?"

"ಗೆಡ್ಡೆ ತಿಂತಾರೆ ರೀ!" ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಆ ನಗುವನ್ನೇ ನೋಡುತ್ತ ಕುಳಿತ. ಕೌಸಲ್ಯಾ ಚಿಕ್ಕಮ್ಮ ಬಡಿಸಿದ ಸಾರು ಆರಿಹೋಯಿತು.

ಆಮೇಲೆ ಪ್ರತಿ ಭಾನುವಾರ ಬಂದ. ಜಾರ್ಜ್ ವಾಷಿಂಗ್ಟನ್ ಬ್ರಿಡ್ಜ್ ಮೇಲೆ ಇಬ್ಬರೂ ನಡೆಯುತ್ತ ಮಾತಾಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಅವಳಿಗೆ ಸಂಶೋಧನೆಯ ಗ್ರ್ಯಾಂಟ್ ಸಿಕ್ಕಿತು. ಈ ಸಲ ಇಡೀ ಒಂದು ವರ್ಷ ದ್ವೀಪದಲ್ಲಿ. ಅಲ್ಲಿಗೆ ಹಡಗು ಬರುವುದೇ ಹಲವು ತಿಂಗಳಿಗೊಮ್ಮೆ.

"ಬೇಡ ಅಂದ್ಬಿಡು," ಎಂದರು ಚಿಕ್ಕಮ್ಮ. "ಯಾವ ಹುಡುಗ ಕಾಯ್ತಾನೆ?"

ಭಾನುವಾರ ಬ್ರಿಡ್ಜ್ ಮೇಲೆ ಅವಳು ವಿಷಯ ಹೇಳಿದಳು. ಹೊಳೆಯ ಗಾಳಿಗೆ ಅವಳ ಸೆರಗು ಹಾರಿ ಅವನ ಹೆಗಲ ಮೇಲೆ ಬಿತ್ತು. ಅವನು ಅದನ್ನು ಸರಿಸಲಿಲ್ಲ.

"ಹೋಗಬ್ಯಾಡ್ರಿ ಅಂತ ಬಾಯಿತನಕ ಬಂದಿತ್ತು," ಎಂದ. "ಆದ್ರ ಅಲ್ಲಿಯ ಮಂದಿ ಸುದ್ದಿ ಹೇಳುವಾಗ ನಿಮ್ಮ ಮುಖ ಅರಳತೈತಲ್ಲ, ಅದನ್ನ ನೋಡೇ ನಾ ಸೋತದ್ದು. ಹೋಗಿ ಬರ್ರಿ. ಕಾಯ್ತೀನಿ."

"ಬೇಡ."

ಅವನ ಮುಖ ಬಾಡಿತು.

"ನೀವು ಕಾಯ್ತೀರಿ, ಗೊತ್ತು. ನನಗೇ ಅಷ್ಟು ದಿನ ಕಾಯೋಕಾಗಲ್ಲ. ಹೋಗೋಕೆ ಮುಂಚೆನೇ ಮದುವೆ ಆಗೋಣ."

ಟ್ರಕ್ಕೊಂದು ಹಾದು ಬ್ರಿಡ್ಜ್ ಅದುರಿತು.

"ಕೇಳಸಲಿಲ್ರಿ. ಇನ್ನೊಮ್ಮೆ ಹೇಳ್ರಿ."

"ಸುಳ್ಳು! ಚೆನ್ನಾಗಿ ಕೇಳಿಸಿದೆ ನಿಮಗೆ."

"ಕೇಳಿಸ್ತು. ಆದ್ರೂ ಹೇಳ್ರಿ."

ಅವಳು ಹೇಳಿದಳು, ಈ ಬಾರಿ ಅವನ ಕಣ್ಣನ್ನೇ ನೋಡುತ್ತ.

ಮದುವೆ ಚಿಕ್ಕಮ್ಮನ ಲಿವಿಂಗ್ ರೂಮಿನಲ್ಲೇ ಆಯಿತು. ನವೆಂಬರಿನಲ್ಲಿ ಕೆನಡಿ ಏರ್‌ಪೋರ್ಟಿನಲ್ಲಿ ಸಾಲು ಮುಂದೆ ಸರಿಯಿತು. ನಿರುಪಮಾ ನಿಂತು ತಿರುಗಿ ನೋಡಿದಳು. ಬದರಿ ನಾಚಿಕೆಯಿಲ್ಲದೆ ಅಳುತ್ತಿದ್ದ; ಅಳುತ್ತಲೇ ಎರಡೂ ಕೈ ಎತ್ತಿ, ಹೋಗು, ಹೋಗು ಎಂದು ಸನ್ನೆ ಮಾಡುತ್ತಿದ್ದ.