ಮಸ್ಕಿ ಗೂಟದ ಟೋಕನ್

ಸರಕಾರಿ ಲೆಕ್ಕದ ಫಸಲಿ ವರ್ಷ ೧೩೫೨, ಬಹಮನ್ ತಿಂಗಳ ಚಳಿ. ಬುಧವಾರ ಬೆಳಿಗ್ಗೆ ಏಳೂವರೆಗೆ ಲಿಂಗಸುಗೂರು ಠಾಣೆಗೆ ಒಂದು ಫಿರ್ಯಾದು ಬಂತು: ರೈಲು ಎಂಜಿನ್ ಕಳುವಾಗಿದೆ.

ಜವಾನ ಅಂಬಪ್ಪ ರುಮಾಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ನಗು ನುಂಗಿದ. ನಗದೆ ಏನು ಮಾಡಿಯಾನು? ಲಿಂಗಸುಗೂರಿಗೂ ರೈಲಿಗೂ ಸಂಬಂಧವೇ ಇರಲಿಲ್ಲ. ರೈಲಿನ ಮುಖ ನೋಡಬೇಕೆಂದರೆ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಮೈಕೈ ನುಗ್ಗುಮಾಡಿಕೊಂಡು ರಾಯಚೂರು ಮುಟ್ಟಬೇಕಿತ್ತು.

ಠಾಣೆಯ ಮೇಲಧಿಕಾರಿ, ಅಮೀನ ದಸ್ತಗೀರ್‌ಸಾಬ್ ಮಾತ್ರ ನಗಲಿಲ್ಲ. ಎದುರಿಗೆ ನಿಂತವರು ಕನಕರಾಯ. ರೈಲ್ವೆಯಲ್ಲಿ ಗಾರ್ಡ್ ಆಗಿ ದುಡಿದು, ಪಿಂಚಣಿ ಪಡೆದು ಊರಿಗೆ ಮರಳಿದವರು. ಊರೆಲ್ಲ ಅವರನ್ನು ಗಾರ್ಡ್‌ಸಾಹೇಬರು ಎಂದೇ ಕರೆಯುತ್ತಿತ್ತು. ಕರಿ ಕೋಟಿನ ಒಂದು ಗುಂಡಿಯನ್ನೂ ಬಿಡದೆ ಹಾಕುವ ಮನುಷ್ಯ ಈ ದಿನ ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಸಿಕ್ಕಿಸಿಕೊಂಡು ಬಂದಿದ್ದರು. ಅದನ್ನು ನೋಡಿಯೇ ಅಮೀನನಿಗೆ ವಿಷಯ ಸಣ್ಣದಲ್ಲ ಅನ್ನಿಸಿತು.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಂಜೆ ರೌಂಡಿಗೆ ಹೊರಟಾಗೆಲ್ಲ ಕನಕರಾಯರ ಹಿತ್ತಲ ಕೋಣೆಯಿಂದ ರೈಲಿನ ಸಿಳ್ಳೆಯಂಥ ಒಂದು ಸೀಟಿ ಕೇಳುತ್ತಿತ್ತು, ಅದರ ಬೆನ್ನಿಗೇ ನಾಲ್ಕು ಗಂಡಸರು ಬಿದ್ದು ಬಿದ್ದು ನಗುವ ಸದ್ದು. ಒಳಗೆ ಹೋಗಿ ನೋಡಬೇಕೆಂದು ಅವನ ಜೀವ ಹಪಹಪಿಸುತ್ತಿತ್ತು. ಖಾಕಿ ಹಾಕಿದವನು ಯಾರೂ ಕರೆಯದೆ ಒಳಗೆ ಹೋದರೆ ಆ ನಗು ನಿಂತುಹೋಗುತ್ತದೆಂದು ಸುಮ್ಮನಿದ್ದ. ಈಗ ಸರಕಾರವೇ ಅವನನ್ನು ಒಳಗೆ ಕಳಿಸುತ್ತಿತ್ತು.

ಎಫ್‌ಐಆರ್ ಬರೆದದ್ದಾಯಿತು. ಕಳುವಾದ ಮಾಲು: ತಗಡಿನ ಎಂಜಿನ್, ಒಂದು. ಉದ್ದ: ಒಂದು ಗೇಣು. ಬಣ್ಣ: ಕರಿ, ಗಾಲಿ ಕೆಂಪು. ಕಳುವಾದ ವೇಳೆ: ಮಂಗಳವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಸಂತೆಗೆ ಹೋದಾಗ. ಬೆಲೆ ಎಂಬಲ್ಲಿಗೆ ಬಂದಾಗ ಕನಕರಾಯರು ಕಾಗದದ ಮೇಲೆ ಕೈಯಿಟ್ಟರು.

“ಬೆಲಿ ಬರಕೋಬ್ಯಾಡ್ರಿ ಅಮೀನ್‌ಸಾಬ್. ಶುಕ್ರವಾರದೊಳಗ ಸಿಗಬೇಕು ಅಂತ ಬರಕೋರಿ.”

ಶುಕ್ರವಾರ ಜಿಲ್ಲೆಯ ಒಬ್ಬ ದೊಡ್ಡ ಸಾಹೇಬರು ತಪಾಸಣೆಗೆಂದು ದೌರೆ ಬರುವವರಿದ್ದರು. ಅವರ ಕಣ್ಣೆದುರು ಈ ರೈಲನ್ನು ಲಿಂಗಸುಗೂರಿನಿಂದ ಮಸ್ಕಿ ದಾಟಿಸಿ ಸಿಂಧನೂರಿನವರೆಗೆ ಓಡಿಸುವುದು, ಅವರು ಖುಷಿಯಾದ ಹೊತ್ತು ನೋಡಿ ಇದೇ ದಾರಿಗೆ ನಿಜವಾದ ರೈಲು ಬೇಕೆಂಬ ಅರ್ಜಿಯನ್ನು ಕೈಗಿಡುವುದು. ಇದು ಕನಕರಾಯರ ಆಸೆ. ಆ ಆಸೆಯಿಂದಲೇ ಅವರಿಗೆ ವಾರದಿಂದ ನಿದ್ದೆ ಬಂದಿರಲಿಲ್ಲ.

ಒಂಬತ್ತಕ್ಕೆ ಅಮೀನ, ಅಂಬಪ್ಪ ಮತ್ತು ಇಬ್ಬರು ಪಂಚರು ಹಿತ್ತಲ ಕೋಣೆಗೆ ಹೋದರು. ಕನಕರಾಯರೂ ಅವರ ಮೂವರು ಗೆಳೆಯರೂ ಆಗಲೇ ಬಾಗಿಲಲ್ಲಿ ನಿಂತಿದ್ದರು. ಬಾಗಿಲ ಚಿಲಕವನ್ನು ಯಾರೋ ಮೀಟಿ ಕಿತ್ತಿದ್ದರು. ಅಮೀನ ಚಿಲಕ ನೋಡಿದ, ಹೊಸ್ತಿಲು ನೋಡಿದ, ಆಮೇಲೆ ತಲೆಯೆತ್ತಿದವನು ಪಂಚನಾಮೆಯನ್ನೇ ಮರೆತ.

ಮೂರು ಗೋಡೆಗೂ ಹೊಂದಿಸಿ ಹಲಗೆ ಜೋಡಿಸಿದ್ದರು. ಅದರ ಮೇಲೆ ಎಣ್ಣೆ ಡಬ್ಬಿಯ ತಗಡು ಮಡಚಿ ಮಾಡಿದ ಹಳಿ, ಹಳಿಯಡಿ ಬೇವಿನ ಚಕ್ಕೆ. ಮಸ್ಕಿಯ ಗುಡ್ಡ ಮಣ್ಣಿನದು, ಸಿಂಧನೂರಿನ ಹೊಲಕ್ಕೆ ಸಿಂಧನೂರಿನದೇ ಕರಿಮಣ್ಣು. ಅದನ್ನು ಬಸ್ ಡ್ರೈವರ್ ಶಾವಲಿ ತನ್ನ ಸೀಟಿನಡಿ ಇಟ್ಟುಕೊಂಡು ತಂದಿದ್ದ. ಮಸ್ಕಿ ಸ್ಟೇಷನ್ನಿನಲ್ಲಿ ಚಹಾ ಮಾರುವ ಗೊಂಬೆಗೆ ಶಾವಲಿಯದೇ ಉದ್ದ ಮೂಗು. ಅದನ್ನು ಮಾಡಿದವನು ತಗಡಿನ ಕೆಲಸದ ಮಲೀಕಸಾಬ. ಎಂಜಿನ್ನಿನ ಮೈ ಬಡಿದವನೂ ಅವನೇ. ಎಂಜಿನ್ನಿನ ಹೊಟ್ಟೆಯೊಳಗಿನ ಹಲ್ಲುಗಾಲಿ, ಸ್ಪ್ರಿಂಗು, ಸೀಟಿಯನ್ನೆಲ್ಲ ಕೂಡಿಸಿದವನು ಗಡಿಯಾರ ರಿಪೇರಿಯ ಗೋಪಣ್ಣ. ಕನಕರಾಯರೂ ಸೇರಿ ಈ ನಾಲ್ವರು ದಿನಾ ಸಂಜೆ ಇಲ್ಲಿ ಕೂಡುತ್ತಿದ್ದರು. ಯಾರು ಹೊತ್ತಿಗೆ ಸರಿಯಾಗಿ ಬರಲಿಲ್ಲವೋ ಅವರೇ ಆ ಸಂಜೆ ಎಲ್ಲರಿಗೂ ಚಹಾ ಮಾಡಬೇಕು. ಉಳಿದ ಮೂವರೂ ಸೇರಿ ಶಾವಲಿಗೆ ಬಸ್ಸು ತಡವಾದದ್ದಕ್ಕೂ ಮಾಫಿ ಕೊಟ್ಟಿರಲಿಲ್ಲ, ಅವನ ಕೈಯಿಂದಲೇ ಹೆಚ್ಚು ಚಹಾ ಕುಡಿದಿದ್ದರು.

ಅಮೀನ ಸಿಂಧನೂರಿನ ತುದಿಯಲ್ಲಿ ಮೊಣಕಾಲೂರಿ ಕಣ್ಣನ್ನು ಹಳಿಯ ಸಮಕ್ಕೆ ತಂದು ನೋಡಿದ. ಲಿಂಗಸುಗೂರು ಎಷ್ಟು ದೂರ ಕಂಡಿತು! ಅಂಬಪ್ಪ ಕೆಮ್ಮಿದ ಮೇಲೆಯೇ ಅವನು ಎದ್ದು ಮೊಣಕಾಲು ಝಾಡಿಸಿಕೊಂಡದ್ದು.

ಆಗ ಅವನಿಗೆ ಗೋಡೆಯ ಮೂರು ಗೂಟಗಳು ಕಂಡವು, ಒಂದೊಂದು ಸ್ಟೇಷನ್ನಿಗೆ ಒಂದೊಂದು. ಒಂದು ಗೂಟಕ್ಕೆ ಬಿದಿರಿನ ಬಳೆ ತೂಗಿತ್ತು, ಬಳೆಗೆ ಒಂದು ಹಿತ್ತಾಳೆಯ ಗುಂಡು. ಏನಿದು ಎಂದು ಕೇಳಿದ. ಕನಕರಾಯರು ದುಃಖ ಮರೆತು ವಿವರಿಸಿದರು. ಇದು ಟೋಕನ್. ಒಂಟಿ ಹಳಿಯಲ್ಲಿ ಎದುರುಬದರು ಎರಡು ಗಾಡಿ ಬಾರದಿರಲೆಂದು ಇರುವ ಏರ್ಪಾಟು. ಟೋಕನ್ ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಗಾಡಿ ಯಾವ ಸ್ಟೇಷನ್ನು ಮುಟ್ಟಿತೋ ಆ ಸ್ಟೇಷನ್ನಿನ ಗೂಟಕ್ಕೇ ಟೋಕನ್ ತೂಗುಹಾಕಬೇಕು. ಈ ಕೋಣೆಯಲ್ಲಿ ಇರುವುದು ಒಂದೇ ಎಂಜಿನ್, ಡಿಕ್ಕಿ ಹೊಡೆಯಲು ಇನ್ನೊಂದು ಗಾಡಿಯೇ ಇಲ್ಲ. ಆದರೂ ಟೋಕನ್ ಇಲ್ಲದೆ ಎಂಜಿನ್ ಮುಟ್ಟಿದವನನ್ನು ಕನಕರಾಯರು ವಾರಗಟ್ಟಲೆ ಮಾತಾಡಿಸುತ್ತಿರಲಿಲ್ಲ.

“ಸೋಮವಾರ ಸಂಜಿಗೆ ಗಾಡಿ ಎಲ್ಲಿ ನಿಲ್ಲಿಸಿದ್ರಿ?”

“ಲಿಂಗಸುಗೂರು ಶೆಡ್ಡಿನ್ಯಾಗ,” ಅಂದರು ಕನಕರಾಯರು.

“ಟೋಕನ್?”

“ಲಿಂಗಸುಗೂರು ಗೂಟಕ್ಕ. ನಾನ ಹಾಕೀನ್ರಿ,” ಅಂದ ಶಾವಲಿ.

ಅಮೀನ ಬೆರಳು ತೋರಿಸಿದ. ಟೋಕನ್ ಮಸ್ಕಿ ಗೂಟದಲ್ಲಿ ತೂಗುತ್ತಿತ್ತು.

ಕಳ್ಳನ ಕೈ ತಗುಲಿರಬೇಕು ಎಂದರು ಕನಕರಾಯರು. ಅಮೀನನಿಗೆ ಒಪ್ಪಿಗೆಯಾಗಲಿಲ್ಲ. ಚಿಲಕ ಕಿತ್ತು ಒಳಗೆ ಬಂದ ಹೊರಗಿನ ಕಳ್ಳ, ಹಿತ್ತಾಳೆ ಗುಂಡನ್ನು ಕಂಡರೆ ಜೇಬಿಗೆ ಹಾಕಿಕೊಂಡಾನು, ಇಲ್ಲವೇ ಇದ್ದಲ್ಲೇ ಬಿಟ್ಟಾನು. ಒಂದು ಗೂಟದಿಂದ ತೆಗೆದು ಇನ್ನೊಂದಕ್ಕೆ ನೀಟಾಗಿ ತೂಗುಹಾಕಲು ಅವನಿಗೇನು ಹರಕೆಯೇ? ಇದು ಪಳಗಿದ ಕೈಯ ಕೆಲಸ. ಕದ್ದವನು ಈ ನಾಲ್ವರಲ್ಲೇ ಒಬ್ಬ. ಮತ್ತು ಗಾಡಿ ಎಲ್ಲಿಗೆ ಹೋಗಿದೆ ಎಂದು ಅವನೇ ಹೇಳಿ ಹೋಗಿದ್ದಾನೆ. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಸುಳಿವು ಅವನಿಗೆ ಸಿಕ್ಕಿರಲಿಲ್ಲ.

ಹೇಳಿಕೆಗಳನ್ನು ಒಬ್ಬೊಬ್ಬರನ್ನೇ ಕರೆದು ತೆಗೆದುಕೊಂಡ. ಗೋಪಣ್ಣ ಅಂಗಡಿಯಲ್ಲಿದ್ದೆ ಅಂದ, ಅಕ್ಕಪಕ್ಕದವರು ಹೌದೆಂದರು. ಶಾವಲಿ ಬಸ್ಸಿನಲ್ಲಿದ್ದೆ ಅಂದ. ಆ ಬಸ್ಸಿನಲ್ಲಿ ಮಸ್ಕಿಗೆ ಯಾರ್ಯಾರು ಹೋದರು ಎಂದು ಅಮೀನ ಕೇಳಿದಾಗ ಅವನು ಹಗುರಾಗಿ ಉತ್ತರಿಸಿದ.

“ಸಂತಿ ದಿನ, ಬಸ್ಸು ತುಂಬಿತ್ರಿ. ನಮ್ಮ ಮಲೀಕನೂ ಬಂದಿದ್ದ, ಅವರ ಚಿಗವ್ವ ಲಾಲ್‌ಬೀ ಖಾಲಾಗ ಕಲಾಯಿ ಹಂಡೆ ಕೊಟ್ಟು ಬರಾಕ.” ಅಷ್ಟು ಹೇಳಿ ಶಾವಲಿ ನಾಲಿಗೆ ಕಚ್ಚಿಕೊಂಡ. ತಾನು ಏನು ಹೇಳಿಬಿಟ್ಟೆ ಎಂಬುದು ಅವನ ಮುಖದ ಮೇಲೆ ನಿಧಾನವಾಗಿ ಕಂಡಿತು. “ಅಂವ ಅಂಥಾವ ಅಲ್ರಿ ಸಾಹೇಬ್ರ,” ಅಂದು ಎದ್ದುಹೋದ.

ಗುರುವಾರ ಬೆಳಗಿನ ಬಸ್ಸಿಗೆ ಅಮೀನ ಅಂಬಪ್ಪನ ಜೊತೆಗೆ ಮಲೀಕಸಾಬನನ್ನೂ ಕರೆದುಕೊಂಡೇ ಹೊರಟ. ಎಲ್ಲಿಗೆ ಎಂದು ಮಲೀಕಸಾಬ ಕೇಳಲಿಲ್ಲ. ಬಸ್ಸು ನಡೆಸುತ್ತಿದ್ದ ಶಾವಲಿ ಮಸ್ಕಿ ಬರುವವರೆಗೂ ಹಿಂದಿರುಗಿ ನೋಡಲಿಲ್ಲ. ದಾರಿಯ ಎರಡೂ ಬದಿಗೆ ಬಿಳಿಜೋಳ ಆಳೆತ್ತರ ನಿಂತಿತ್ತು. ಇಲ್ಲಿ ಹಳಿ ಬಂದರೆ ಹೇಗಿರುತ್ತದೆ ಎಂದು ಅಮೀನ ತನಗೆ ಗೊತ್ತಿಲ್ಲದೇ ಲೆಕ್ಕ ಹಾಕುತ್ತ ಕೂತಿದ್ದ.

ಮಸ್ಕಿ ಗುಡ್ಡದ ಕೆಳಗೆ ಲಾಲ್‌ಬೀಯ ಮನೆ. ಅಂಗಳಕ್ಕೆ ಕಾಲಿಡುವ ಮೊದಲೇ ಒಳಗಿನಿಂದ ಸೀಟಿ ಕೇಳಿತು. ಅಂಬಪ್ಪ ಓಡಿದ, ಅವನ ಹಿಂದೆ ಅಮೀನನೂ ಅಧಿಕಾರ ಮರೆತು ಓಡಿದ. ನಡುಮನೆಯಲ್ಲಿ ಮುದುಕಿ ಲಾಲ್‌ಬೀ ಕಾಲು ಚಾಚಿ ಕೂತಿದ್ದಳು. ಕೆಂಪುಗಾಲಿಯ ಕರಿ ಎಂಜಿನ್ ನೆಲದ ಮೇಲೆ ಟಕಟಕ ಓಡಿ ಬಂದು ಅಮೀನನ ಬೂಟಿಗೆ ಬಡಿದು ನಿಂತಿತು.

“ಹಂಡೇದಾಗ ಮುಚ್ಚಿಡು ಅಂದಿದ್ದ. ಮುಚ್ಚಿಟ್ರ ಪಾಪ ಉಸಿರು ಕಟ್ಟತೈತಿ ಅಂತ ತಗದೆ,” ಅಂದಳು ಲಾಲ್‌ಬೀ.

ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದ ಮೇಲೆ ಅಮೀನ ಮಲೀಕಸಾಬನನ್ನು ಹಿತ್ತಲ ಬೇವಿನಡಿ ಕೂಡಿಸಿದ.

“ನೀನ ಕದ್ದಿ?”

“ಹೌದ್ರಿ.”

“ಚಿಲಕ?”

“ನಾನ ಕಿತ್ತಿದ್ದು. ಹೊರಗಿನವರು ಅನಸಲಿ ಅಂತ.”

“ಅಷ್ಟು ಶ್ಯಾಣ್ಯಾ ಆಗಿ, ಟೋಕನ್ ಯಾಕ ಮಸ್ಕಿ ಗೂಟಕ್ಕ ಹಾಕಿದಿ?”

ಮಲೀಕಸಾಬನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಗಾಡಿ ಮಸ್ಕಿಗೆ ಬಂದಿತ್ತಲ್ರಿ.” ಆಮೇಲೆ ಅವನೇ ಬಿಡಿಸಿ ಹೇಳಿದ. “ಟೋಕನ್ ಸುಳ್ಳು ಹೇಳಬಾರದ್ರಿ ಸಾಹೇಬ್ರ. ಅದು ಸುಳ್ಳು ಹೇಳಿದ್ರ ಗಾಡಿ ಗಾಡಿ ಡಿಕ್ಕಿ ಹೊಡಿತಾವ.”

ಅಮೀನನಿಗೆ ನಗು ಬಂತು. ಯಾಕೆ ಕದ್ದೆ ಎಂದು ಕೇಳಿದ.

“ನಾಳೆ ದೊಡ್ಡ ಸಾಹೇಬ್ರು ನೋಡಿ ‘ಬಹುತ್ ಖೂಬ್’ ಅಂತಾರ್ರಿ.”

ಅಷ್ಟು ಸಾಕಾಯಿತು. ಆ ಸೀಮೆಯಲ್ಲಿ ದೊಡ್ಡವರು ಒಂದು ವಸ್ತುವನ್ನು ಮೆಚ್ಚಿ ಖೂಬ್ ಅಂದರೆ, ಒಡೆಯನಾದವನು ಎರಡೂ ಕೈಯಿಂದ ಅದನ್ನೆತ್ತಿ ನಜರ್, ಕಾಣಿಕೆ ಎಂದು ಒಪ್ಪಿಸಬೇಕು. ಯಾರೂ ಕಸಿದುಕೊಳ್ಳುವುದಿಲ್ಲ, ಆದರೆ ವಸ್ತು ಉಳಿಯುವುದೂ ಇಲ್ಲ. ಕನಕರಾಯರು ನಿಜವಾದ ರೈಲಿನ ಆಸೆಗೆ ಅದಕ್ಕೂ ತಯಾರಾಗಿದ್ದರು.

“ಹೋದ್ರ ಮತ್ತೊಂದು ಮಾಡತಿದ್ರಿ. ತಗಡೇನು ಕಡಿಮಿ ಆಗೈತೇನು?”

“ತಗಡು ಐತ್ರಿ,” ಅಂದ ಮಲೀಕಸಾಬ. “ಗೋಪಣ್ಣನ ಕಣ್ಣು ಇಲ್ಲ.”

ವರ್ಷದಿಂದ ಗೋಪಣ್ಣನ ಕಣ್ಣಿಗೆ ಮಂಜು ಕವಿಯುತ್ತಿತ್ತು. ಬೆರಳಿಂದ ತಡವಿ ಮೊಳೆ ಹುಡುಕುವುದನ್ನು ಮಲೀಕಸಾಬ ಒಬ್ಬನೇ ಗುರುತಿಸಿದ್ದ, ಯಾರಿಗೂ ಹೇಳಬೇಡ ಎಂದು ಗೋಪಣ್ಣ ಅವನ ಕೈ ಹಿಡಿದು ಬೇಡಿಕೊಂಡಿದ್ದ. ಆ ಕೈ ಇನ್ನೊಂದು ಎಂಜಿನ್ನಿಗೆ ಹಲ್ಲುಗಾಲಿ ಕೂಡಿಸಲಾರದು. ದಿನಾ ಸಂಜೆ ಅವನು ಚಾವಿ ಕೊಟ್ಟು, ಹಳಿಯ ಹತ್ತಿರ ಕಿವಿಯಿಟ್ಟು, ತಾನು ಮಾಡಿದ್ದು ಓಡುವುದನ್ನು ಕೇಳುತ್ತ ಕೂರುತ್ತಿದ್ದ. ಗಾರ್ಡ್‌ಸಾಹೇಬರಿಗೆ ಮಾತ್ರ ಇದನ್ನು ತಿಳಿಸಬೇಡಿ ಎಂದು ಮಲೀಕಸಾಬ ಕೇಳಿಕೊಂಡ. ಮಧ್ಯಾಹ್ನ ಒಂದಕ್ಕೆ ಅವನ ದಸ್ತಗಿರಿಯಾಯಿತು.

ಸಂಜೆ ಠಾಣೆಯಲ್ಲಿ ಕನಕರಾಯರು ಕೂಗಾಡಿದರು. ಎಂಜಿನ್ ಸಿಕ್ಕಿತಲ್ಲ, ಕೇಸು ಬೇಡ, ಕೊಟ್ಟುಬಿಡಿ, ಬೆಳಗಾದರೆ ಸಾಹೇಬರು ಬರುತ್ತಾರೆ ಎಂದರು. ಕೊಟ್ಟುಬಿಡುವುದು ಸುಲಭವಿತ್ತು. ಅಮೀನ ಒಂದು ಚೀಟಿ ಬರೆದು ಎಂಜಿನ್ನಿನ ಹೊಗೆಕೊಳವೆಗೆ ದಾರದಿಂದ ಕಟ್ಟಿದ, ಗಂಟಿನ ಮೇಲೆ ಅರಗು ಕಾಯಿಸಿ ಸೀಲು ಒತ್ತಿದ. ಕೇಸು ನಡೆಯುತ್ತದೆ, ಆರೋಪಿ ಲಾಕಪ್ಪಿನಲ್ಲೇ ಇರುತ್ತಾನೆ ಅಂದ. ಕನಕರಾಯರು ಅಮೀನನ ಜೊತೆಗೂ ಮಾತು ಬಿಟ್ಟು ಹೊರಟುಹೋದರು.

ಶುಕ್ರವಾರ ಹನ್ನೊಂದಕ್ಕೆ ದೊಡ್ಡ ಸಾಹೇಬರು ಠಾಣೆಗೇ ಬಂದರು. ಮೇಜಿನ ಮೇಲೆ ಎಂಜಿನ್, ಬಾಗಿಲಲ್ಲಿ ಅರ್ಜಿ ಹಿಡಿದ ಕನಕರಾಯರು, ಅವರ ಹಿಂದೆ ಗೋಪಣ್ಣ ಮತ್ತು ಶಾವಲಿ, ಕಂಬಿಯ ಆಚೆ ಮಲೀಕಸಾಬ. ಸಾಹೇಬರು ಬಗ್ಗಿ ನೋಡಿದರು, ಬೆರಳಿಂದ ಗಾಲಿ ತಿರುಗಿಸಿದರು, ಅವರ ಮುಖ ಅರಳಿತು.

“ಬಹುತ್ ಖೂಬ್.”

ಕನಕರಾಯರ ತುಟಿ ತೆರೆಯಿತು. ಮಲೀಕಸಾಬ ಕಣ್ಣು ಮುಚ್ಚಿದ. ಅಮೀನ ಎಲ್ಲರಿಗಿಂತ ಮೊದಲು ಹಿಮ್ಮಡಿ ಕೂಡಿಸಿ ಸಲಾಮು ಹೊಡೆದ.

“ಹುಜೂರ್, ಮುದ್ದೇಮಾಲು.”

ಕಳುವಿನ ಕೇಸಿನ ಮಾಲು, ಮುನ್ಸಿಫ್ ಸಾಹೇಬರ ಹುಕುಂ ಆಗುವತನಕ ಠಾಣೆ ಬಿಟ್ಟು ಹೋಗುವಂತಿಲ್ಲ ಎಂದು ಉರ್ದುವಿನಲ್ಲಿ ಅರಿಕೆ ಮಾಡಿದ. ಕಾನೂನು ಬಲ್ಲ ಸಾಹೇಬರು ಕೈ ಹಿಂದೆ ತೆಗೆದುಕೊಂಡರು. ಕನಕರಾಯರ ಅರ್ಜಿ ತೆಗೆದುಕೊಂಡು ನೋಡೋಣ ಅಂದರು, ಅದನ್ನು ತಮ್ಮ ಗುಮಾಸ್ತ ಪೇಷಕಾರನ ಕೈಗೆ ದಾಟಿಸಿ ಮೋಟಾರು ಹತ್ತಿದರು. ಪೇಷಕಾರ ಅದರಿಂದ ಸೀಟಿನ ಧೂಳು ಹೊಡೆದು ಕೂತದ್ದನ್ನು ಕನಕರಾಯರು ನೋಡಿದರು.

ಅವರು ಒಳಗೆ ತಿರುಗಿದಾಗ ಗೋಪಣ್ಣ ಮೇಜಿನ ಮೇಲೆ ಕೈ ಚಾಚಿ ಎಂಜಿನ್ ಹುಡುಕುತ್ತಿದ್ದ. ಅದು ಅವನ ಮುಂದೆಯೇ ಇತ್ತು. ಬೆರಳು ಹೊಗೆಕೊಳವೆ ಮುಟ್ಟಿದ ಮೇಲೆ ಅವನ ಮುಖ ಸಮಾಧಾನವಾಯಿತು. ಕನಕರಾಯರು ಅದನ್ನು ನೋಡುತ್ತಲೇ ನಿಂತರು, ಆಮೇಲೆ ಕಂಬಿಯ ಆಚೆಗೆ ನೋಡಿದರು. ಮಲೀಕಸಾಬ ಯಾಕೆ ಕದ್ದನೆಂದು ಅವರು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಮೀನ ಡೈರಿಯಲ್ಲಿ ಕಳುವಿನ ಕಾರಣ ಎಂಬಲ್ಲಿ ‘ಶೌಕ್’, ಪ್ರೀತಿಯ ಹುಚ್ಚು, ಎಂದು ಉರ್ದುವಿನಲ್ಲಿ ಬರೆದ. ಉರ್ದು ಅಷ್ಟಕ್ಕಷ್ಟೇ ಗೊತ್ತಿದ್ದ ಅಂಬಪ್ಪ ಬಗ್ಗಿ ಓದಿ, “ಶೋಕ? ಯಾರು ತೀರಿಕೊಂಡಾರ್ರಿ?” ಎಂದು ಕೇಳಿದ. ಅದರ ಕೆಳಗೆ ಅಮೀನ ಇನ್ನೊಂದು ಸಾಲು ಬರೆದ: ಮುದ್ದೇಮಾಲು ಚಾಲೂ ಸ್ಥಿತಿಯಲ್ಲಿದೆಯೇ ಎಂದು ಪ್ರತಿ ಶುಕ್ರವಾರ ಸಂಜೆ ಠಾಣೆಯ ಪಡಸಾಲೆಯಲ್ಲಿ, ತಿಳಿದವರ ಕೈಯಿಂದ ಹಳಿ ಹಾಕಿಸಿ ಪರೀಕ್ಷಿಸತಕ್ಕದ್ದು.

ಅಷ್ಟರಲ್ಲಿ ಕನಕರಾಯರು ಮನೆಗೆ ಹೋಗಿ ಬಂದರು. ಕೋಟಿನ ಗುಂಡಿಗಳೆಲ್ಲ ಸರಿಯಾಗಿದ್ದವು. ಒಂದು ಕೈಯಲ್ಲಿ ಜಾಮೀನಿನ ಕಾಗದ, ಇನ್ನೊಂದರಲ್ಲಿ ಟೋಕನ್. ಕಂಬಿಯ ಸಂದಿಯಿಂದ ಬಿದಿರಿನ ಬಳೆಯನ್ನು ಒಳಗೆ ಚಾಚಿದರು.

“ಮಸ್ಕಿಯಿಂದ ಗಾಡಿ ಟೋಕನ್ ಇಲ್ದ ಬಂದೈತಿ. ಕಳುವಿಗಿಂತ ಅದು ದೊಡ್ಡ ತಪ್ಪು ಮಲೀಕ್. ಹಿಡಿ, ಗೂಟಕ್ಕ ಹಾಕು.”

“ಇಲ್ಲಿ ಗೂಟ ಎಲ್ಲಿ ಐತ್ರಿ ಗಾರ್ಡ್‌ಸಾಹೇಬ್ರ?”

“ಇದೂ ಸ್ಟೇಷನ್ನ ಅಲ್ಲೇನು?” ಅಂದರು ಕನಕರಾಯರು.

ಮಲೀಕಸಾಬ ಲಾಕಪ್ಪಿನ ಗೋಡೆಯ ಮೊಳೆಗೆ ಟೋಕನ್ ತೂಗುಹಾಕಿದ. ಆಮೇಲೆ ಅಮೀನ ಬೀಗ ತೆಗೆದ.