ಖಾಲಿ ಗೋಡೌನಿನ ಗಂಜಿ

ನುಚ್ಚಕ್ಕಿ ಗಂಜಿಯ ವಾಸನೆ!

ಮೇಲೆ ಒಂದು ಚಿಟಿಕೆ ಹುರಿದ ಜೀರಿಗೆ. ನ್ಯಾಮತಿಯಲ್ಲಿ ನಾನು ಚಿಕ್ಕವಳಿದ್ದಾಗ, ಜ್ವರ ಬಂದರೆ ನಮ್ಮಜ್ಜಿ ಅದನ್ನು ಕಾಯಿಸುತ್ತಿದ್ದಳು. ಇವತ್ತಿಗೂ ಆ ವಾಸನೆ ಬಂದರೆ ಯಾರೋ ಹಣೆ ಮುಟ್ಟಿ ನೋಡಿದಂತಾಗುತ್ತದೆ.

ಈ ಸಲ ಅದು ಮೂಗಿಗೆ ಬಡಿದಾಗ ನನ್ನ ಮುಖ ಮಣ್ಣಿನಲ್ಲಿತ್ತು. ಬೆನ್ನ ಮೇಲೆ ಗಾದ್ರಪ್ಪನ ಮೊಣಕಾಲು!

ಗಾದ್ರಪ್ಪ ಅಡಿಕೆ ಗೋಡೌನಿನ ಕಾವಲುಗಾರ. ಗರಡಿಯಲ್ಲಿ ಬೆಳೆದ ಮೈ. ಕೈಯಲ್ಲಿ ಕಬ್ಬಿಣದ ರಾಡು.

"ಏನ್ ಮುದ್ಕಿ, ಇಲ್ಲೇನ್ ಕೆಲ್ಸ ನಿಂಗೆ?"

"ಅಡಿಕೆ ರೇಟ್ ಕೇಳಾಕೆ ಬಂದೆ."

"ಗೋಡೌನ್ ಖಾಲಿ ಐತೆ."

"ಖಾಲಿ ಗೋಡೌನ್‌ಗೆ ಗಂಜಿ ಯಾಕಪ್ಪ?"

ರಾಡು ಬೀಸಿದ. ನನ್ನ ಎಡ ಮಣಿಕಟ್ಟು ಲಟಕ್ ಅಂದಿತು...

ಅವನು ಎರಡನೇ ಏಟಿಗೆ ರಾಡು ಎತ್ತುವಷ್ಟರಲ್ಲಿ ನಿಮಗೆ ಹಿಂದಿನದನ್ನು ಹೇಳಿಬಿಡುತ್ತೇನೆ.

ನಾನು ಶೈಲಾ. ಸಬ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದವಳು. ಈಗ ಚನ್ನಗಿರಿಯಲ್ಲಿ ಕೂತು, ಕಾಣೆಯಾದವರನ್ನು ಹುಡುಕಿಕೊಡುತ್ತೇನೆ. ಅವತ್ತು ಬೆಳಿಗ್ಗೆ ಬಂದವನು ಮತೀನ್. ಸೂಳೆಕೆರೆ ಏರಿಯ ಪಕ್ಕ ಟ್ರ್ಯಾಕ್ಟರ್ ರಿಪೇರಿ ಶೆಡ್ಡು ಇಟ್ಟವನು. ಕೈಯ ಗ್ರೀಸ್ ತಾಗಬಾರದೆಂದು ಕಾಫಿ ಲೋಟವನ್ನು ಕರವಸ್ತ್ರದಲ್ಲಿ ಹಿಡಿದುಕೊಂಡ. ಕುಡಿದ ಮೇಲೆ ತಾನೇ ತೊಳೆದಿಟ್ಟ.

ಅವನ ತಾಯಿ ರಹೀಮುನ್ನೀಸಾಗೆ ಲಕ್ವ ಹೊಡೆದಿತ್ತು. ಬಲಭಾಗ ಸತ್ತಿತ್ತು, ಮಾತು ನಿಂತಿತ್ತು. ಪ್ರಸನ್ನಕುಮಾರ್ ಎಂಬುವವನ ವೃದ್ಧಾಶ್ರಮಕ್ಕೆ ಸೇರಿಸಿದ್ದ.

"ನೋಡಾಕೆ ಹೋದ್ರೆ ಶಿವಮೊಗ್ಗ ಆಸ್ಪತ್ರೆಗೆ ಕಳ್ಸೀವಿ ಅಂದ್ರು ಶೈಲಕ್ಕ. ಅಲ್ಲಿ ಕೇಳಿದ್ರೆ ಅಂಥೋರು ಬಂದೇ ಇಲ್ವಂತೆ! ನಮ್ಮಮ್ಮಿ ಬದುಕ್ಯಾಳೋ ಇಲ್ಲೋ... ಅಷ್ಟು ಹೇಳ್ರಿ ಸಾಕು."

ಕೇಳಿ, ಇದು ನಿಮಗೂ ಗೊತ್ತಿರಲಿ. ವಯಸ್ಸಾದವರನ್ನು ಇಟ್ಟುಕೊಳ್ಳುವ ಮನೆಗಳೆಲ್ಲ ಒಂದೇ ಅಲ್ಲ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಊಟ, ವಸತಿ ಕೊಡುವುದು ಮೊದಲನೇ ಬಗೆ. ಸ್ನಾನಕ್ಕೆ, ಬಟ್ಟೆಗೆ, ತುತ್ತಿಗೆ ಇನ್ನೊಬ್ಬರ ಕೈ ಬೇಕಾದವರದು ಎರಡನೇ ಬಗೆ. ಹಾಸಿಗೆ ಹಿಡಿದವರದು ಮೂರನೇದು. ಅಲ್ಲಿ ನರ್ಸು ಬೇಕು, ಡಾಕ್ಟರು ಬೇಕು. ಅದರ ಲೈಸೆನ್ಸೇ ಬೇರೆ.

ಪ್ರಸನ್ನಕುಮಾರನ ಬಳಿ ಇದ್ದದ್ದು ಮೊದಲನೇದರ ಲೈಸೆನ್ಸ್. ಸೇರಿಸಿಕೊಳ್ಳುತ್ತಿದ್ದದ್ದು ಮೂರೂ ಬಗೆಯವರನ್ನು! ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ನಾಲ್ಕು ಕಡೆ ಅವನ ಬೋರ್ಡು. ಈ ವಾರ ನಾಲ್ಕೂ ಕಡೆ ಲೈಸೆನ್ಸ್ ರಿನ್ಯೂಗೆ ಇನ್‌ಸ್ಪೆಕ್ಷನ್.

ನಾನು ಚನ್ನಗಿರಿ ಆಶ್ರಮಕ್ಕೆ ಹೋದಾಗ ಇನ್‌ಸ್ಪೆಕ್ಷನ್‌ಗೆ ಬಂದ ಹಿರಿಯ ನಾಗರಿಕರ ಇಲಾಖೆಯ ಆಫೀಸರ್ ವಾಣಿಶ್ರೀ ಊಟದ ಹಾಲಿನಲ್ಲಿದ್ದರು. ಎಲ್ಲರೂ ಸಾಲಾಗಿ ಕೂತು ರೊಟ್ಟಿ ಮುರಿಯುತ್ತಿದ್ದರು. ಹಲ್ಲಿಲ್ಲದವರ ರೊಟ್ಟಿಯನ್ನು ಪಕ್ಕದವರು ಸಾರಿನಲ್ಲಿ ನೆನೆಸಿ ಕೊಡುತ್ತಿದ್ದರು.

"ನಮ್ಮಲ್ಲಿ ಹಾಸಿಗೆ ಹಿಡಿದೋರು ಒಬ್ರೂ ಇಲ್ಲ ಮೇಡಂ," ಎಂದು ಪ್ರಸನ್ನಕುಮಾರ್ ನಕ್ಕ. "ಎಲ್ರೂ ಅವರವರ ಕಾಲ ಮೇಲೆ ನಿಂತೋರು!"

ಹಿತ್ತಲಲ್ಲಿ ಅಡುಗೆಯ ಶಿವಗಂಗಮ್ಮ ಲಗೇಜ್ ಆಟೋಗೆ ದೊಡ್ಡ ಪಾತ್ರೆ ಏರಿಸುತ್ತಿದ್ದಳು.

"ಏನಮ್ಮ ಅದು?"

"ಗಂಜಿ. ಹಲ್ಲಿಲ್ದೋರಿಗೆ."

"ಅವರೆಲ್ಲ ಒಳಗೆ ರೊಟ್ಟಿ ತಿಂತಿದಾರಲ್ಲ?"

ಅವಳು ಪಾತ್ರೆ ತುಳುಕದಂತೆ ಎರಡೂ ಕೈಯಲ್ಲಿ ತಬ್ಬಿಕೊಂಡು ಆಟೋದಲ್ಲಿ ಕೂತಳು.

ನಾನು ಸ್ಕೂಟರ್ ಹತ್ತಿ ಆಟೋ ಹಿಂದೆ ಹೊರಟೆ. ದಾರಿಯಲ್ಲಿ ಬಿಳಿ ಪಿಕಪ್ ಒಂದು ನಮ್ಮಿಬ್ಬರನ್ನೂ ದಾಟಿ ಹಾರಿಹೋಯಿತು. ಕತ್ತಲಗೆರೆ ದಾಟಿದ ಮೇಲೆ ಒಂಟಿ ಗೋಡೌನು. ಶಿವಗಂಗಮ್ಮ ಪಾತ್ರೆ ಹೊತ್ತು ಒಳಗೆ ಹೋದಳು. ನಾನು ಗೋಡೆಯ ಮರೆಗೆ ಬಂದೆ...

ಮುಂದಿನದು ನಿಮಗೆ ಗೊತ್ತು. ಮಣ್ಣು. ಮೊಣಕಾಲು. ರಾಡು.

"ಗಾದ್ರಪ್ಪಾ!"

ಅವನು ತಿರುಗಿದ. ಬಾಗಿಲಲ್ಲಿ ಶಿವಗಂಗಮ್ಮ ನಿಂತಿದ್ದಳು. ಪಾತ್ರೆ ಬಾಗಿತು. ಸುಡುಸುಡು ಗಂಜಿ ಅವನ ಮುಖದ ಮೇಲೆ!

ಅವನು ಕೂಗಿದ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಕೈಜಾರಿದ ರಾಡನ್ನು ನಾನು ಎತ್ತಿಕೊಂಡೆ. ಅವನ ಮಂಡಿಗೆ ಒಂದು ಕೊಟ್ಟೆ. ಬಿದ್ದ. ಇನ್ನೊಂದು ಮಂಡಿಗೂ ಕೊಟ್ಟೆ. ಮತ್ತೆ ಏಳಲಿಲ್ಲ.

ಶಿವಗಂಗಮ್ಮ ಪಾತ್ರೆಯೊಳಗೆ ಇಣುಕಿ ನೋಡುತ್ತಿದ್ದಳು.

"ಅಯ್ಯೋ... ಅರ್ಧ ದಂಡ ಆತಲ್ಲ. ಒಳಗಿರೋರಿಗೆ ಸಾಲಲ್ಲ."

"ಊಟ ಕೊಡು ಅಂತ ಪ್ರಸನ್ನಕುಮಾರ್ ಹೇಳಿದ್ನಾ?"

"ಕೊಡಬ್ಯಾಡ ಅಂದಿದ್ರು. ತಿಂದ್ರೆ ಹೊಲಸು ಮಾಡ್ಕೊಂತಾರೆ, ಇನ್‌ಸ್ಪೆಕ್ಷನ್ ಮುಗೀಲಿ ಅಂತ. ಹಸ್ಕೊಂಡು ಬಿದ್ದಿರೋದು ಹೆಂಗ್ ನೋಡ್ಲಿ? ಗಾದ್ರಪ್ಪನ ಕೈಕಾಲು ಹಿಡಿದು ಒಳಗೆ ಬಿಡಿಸ್ಕೊಂಡೆ."

ಪಾಪ, ಗಾದ್ರಪ್ಪ ಅವತ್ತು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅದೇ ಅವನ ಮುಖ ಸುಟ್ಟಿತು.

ಒಳಗೆ ಹೋದೆ. ಗೋಣಿಚೀಲಗಳ ಮೇಲೆ ಸಾಲಾಗಿ ಮಲಗಿಸಿದ ಮುದುಕರು, ಮುದುಕಿಯರು. ಕೂಗಬಾರದೆಂದು ಬಾಯಿಗೆ ಬಟ್ಟೆ! ಮೊದಲು ಸಿಕ್ಕವರ ಬಟ್ಟೆ ಕಿತ್ತೆ. ಹೊನ್ನಾಳಿಯ ಮುರುಗೇಶಪ್ಪ ಎಂಬ ಅಜ್ಜ.

"ರಹೀಮುನ್ನೀಸಾ ಎಲ್ಲಿ ಅಜ್ಜಾರೆ?"

"ಆ ಸಾಬರ ಅಮ್ಮನ್ನ ಈಗ ತಾನೆ ಪ್ರಸನ್ನಕುಮಾರ ಬಂದು ಪಿಕಪ್ಪಿಗೆ ಹಾಕ್ಕೊಂಡ. ಹಿಂದಿನ ಬಾಗಿಲಿಂದ ಒಯ್ದ. ಮಗ ಹುಡುಕ್ತಾನೆ, ಇವಳು ಸಿಗಬಾರ್ದು ಅಂದ... ಕೆರೆ ದಾರಿ ಹಿಡಿದ, ತಾಯಿ! ಓಡು!"

ಓಡಿದೆ. ಮತೀನ್‌ಗೆ ಫೋನ್ ಮಾಡಿದೆ.

"ನಿನ್ನ ಶೆಡ್ ಮುಂದೆ ಬಿಳಿ ಪಿಕಪ್ ಬರ್ತೈತೆ. ಬಿಡಬ್ಯಾಡ! ಒಳಗೆ ನಿಮ್ಮಮ್ಮಿ ಇದಾಳೆ."

ವಾಣಿಶ್ರೀಗೆ ಒಂದೇ ಮಾತು: "ಮೇಡಂ, ಕತ್ತಲಗೆರೆ ಹತ್ರ ಇನ್ನೊಂದು ಆಶ್ರಮ ಐತೆ. ಅದನ್ನೂ ಇನ್‌ಸ್ಪೆಕ್ಟ್ ಮಾಡಿ."

ಒಂದೇ ಕೈಯಲ್ಲಿ ಸ್ಕೂಟರ್. ಪ್ರತಿ ಗುಂಡಿಗೂ ಮುರಿದ ಮೂಳೆ ಕಿರುಚಿತು. ನಾನೂ ಕಿರುಚಿದೆ. ಏರಿ ಹತ್ತಿದಾಗ ಎದುರಿಗೆ ಧೂಳು. ಪಿಕಪ್!

ಅದರಾಚೆ ರಸ್ತೆಗೆ ಅಡ್ಡ ಒಂದು ಕೆಂಪು ಟ್ರ್ಯಾಕ್ಟರ್. ಮೇಲೆ ಮತೀನ್.

ಬ್ರೇಕ್ ಕಿರುಗುಟ್ಟಿತು. ಪ್ರಸನ್ನಕುಮಾರ್ ಮಚ್ಚು ಹಿಡಿದು ಪಿಕಪ್ಪಿನ ಹಿಂಭಾಗಕ್ಕೆ ಹತ್ತಿ ನಿಂತ. ಅವನ ಕಾಲ ಬಳಿ ಗೋಣಿಯಲ್ಲಿ ಸುತ್ತಿದ ರಹೀಮುನ್ನೀಸಾ. ಕಣ್ಣು ತೆರೆದಿತ್ತು. ಬದುಕಿದ್ದಳು!

"ಒಂದ್ ಹೆಜ್ಜೆ ಇಟ್ರೆ ಕೆರೆಗೆ ದಬ್ತೀನಿ!"

"ಪ್ರಸನ್ನಣ್ಣ, ಬ್ಯಾಡ..." ಮತೀನ್ ಕೈ ಮುಗಿದ.

"ನಾನೇನ್ ಕೊಲೆಗಾರ ಅಲ್ರೀ! ಲೈಸೆನ್ಸ್ ರಿನ್ಯೂ ಆದ್ಮೇಲೆ ವಾಪಸ್ ಕರ್ಕೊಂಡ್ ಬರ್ತಿದ್ದೆ!"

"ಎಲ್ಲಿಂದ? ಕೆರೆಯಿಂದನಾ?" ಎನ್ನುತ್ತ ಪಿಕಪ್ಪಿನ ಹಿಂದಕ್ಕೆ ಬಂದು ನಿಂತೆ.

ಅವನು ನನ್ನ ಕಡೆ ಮಚ್ಚು ಬೀಸಿದ. ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದೆ. ಅಲಗು ಅಂಗೈ ಸೀಳಿತು. ರಕ್ತ ಮೊಣಕೈವರೆಗೆ ಹರಿಯಿತು. ಅವನು ಮತ್ತೆ ಎತ್ತಿದ...

ಆಗ ಗೋಣಿಯಿಂದ ಒಂದು ಕೈ ಹೊರಗೆ ಬಂತು.

ಎಡಗೈ. ಆಕೆಯಲ್ಲಿ ಜೀವ ಉಳಿದಿದ್ದ ಒಂದೇ ಕೈ. ಅದು ಅವನ ಪಾದದ ಗಂಟನ್ನು ಹಿಡಿಯಿತು. ಹಿಡಿದು ಎಳೆಯಿತು!

ಪ್ರಸನ್ನಕುಮಾರ್ ಮುಂದಕ್ಕೆ ಮುಗ್ಗರಿಸಿ ನನ್ನ ಮೇಲೆಯೇ ಬಿದ್ದ. ನನಗೆ ಕೈಗಳಿರಲಿಲ್ಲ. ತಲೆ ಇತ್ತು. ಹಣೆಯಿಂದ ಅವನ ಮೂಗಿಗೆ ಗುದ್ದಿದೆ. ಮೂಗು ಒಡೆಯಿತು. ಅಷ್ಟರಲ್ಲಿ ಮತೀನ್ ಸ್ಪ್ಯಾನರ್ ಹಿಡಿದು ಬಂದ. ಮಚ್ಚು ಹಿಡಿದ ಕೈಗೆ ಒಂದು. ಭುಜಕ್ಕೆ ಒಂದು. ಮೂರನೇದು ತಲೆಗೆ ಎತ್ತಿದ್ದ...

"ಮತೀನ್, ಸಾಕು! ಮೊದ್ಲು ನಿಮ್ಮಮ್ಮಿನ ಎತ್ಕೊ!"

ಸ್ಪ್ಯಾನರ್ ಕೆಳಗೆ ಬಿತ್ತು. ಅವನು ತಾಯಿಯನ್ನು ಮಗುವಿನ ಹಾಗೆ ಎತ್ತಿಕೊಂಡ.

ಸಂಜೆ ಸರ್ಕಾರಿ ಆಸ್ಪತ್ರೆ. ನನ್ನ ಎಡಗೈಗೆ ಪ್ಲಾಸ್ಟರು, ಬಲಗೈಗೆ ಹೊಲಿಗೆ. ಎರಡೂ ಬೆಳ್ಳಗೆ ದಿಂಬಿನ ಹಾಗೆ ಊದಿದ್ದವು. ಪಕ್ಕದ ಮಂಚದಲ್ಲಿ ರಹೀಮುನ್ನೀಸಾ. ವಾಣಿಶ್ರೀ ಬಂದು ನಿಂತರು.

"ಗೋಡೌನ್‌ನಲ್ಲಿದ್ದೋರೆಲ್ಲ ಉಳಿದ್ರು ಶೈಲಾ ಮೇಡಂ. ನಾನು ರೊಟ್ಟಿ ತಿನ್ನೋರನ್ನ ಮಾತ್ರ ನೋಡ್ದೆ."

ಅವರು ಹೋದ ಮೇಲೆ ಶಿವಗಂಗಮ್ಮ ಬಂದಳು. ಮತ್ತೆ ಗಂಜಿ ಕಾಯಿಸಿ ತಂದಿದ್ದಳು. ಮೊದಲ ಚಮಚವನ್ನು ರಹೀಮುನ್ನೀಸಾ ಬಾಯಿಗೆ ಹಿಡಿದಳು. ಆಕೆ ಬಾಯಿ ತೆರೆಯಲಿಲ್ಲ. ಎಡಗೈಯಿಂದ ಬಟ್ಟಲನ್ನು ಮೆಲ್ಲಗೆ ತಳ್ಳಿದಳು.

ನನ್ನ ಕಡೆಗೆ.

ಶಿವಗಂಗಮ್ಮ ಬಟ್ಟಲು ಹಿಡಿದು ನನ್ನ ಮಂಚದ ಬಳಿ ಬಂದು ಕೂತಳು. ಜೀರಿಗೆಯ ವಾಸನೆ...

ಮೂರನೇ ಬಗೆಯವಳು ಎರಡನೇ ಬಗೆಯವಳಿಗೆ ಊಟ ಕೊಡಲು ಯಾವ ಲೈಸೆನ್ಸ್ ಬೇಕೋ ನನಗೆ ಗೊತ್ತಿಲ್ಲ. ನಾನು ಬಾಯಿ ತೆರೆದೆ.